ನೆಲದ ಮಟ್ಟ ಅಳೆದರೆ ಅಡಿಪಾಯದ ಕುಸಿತ ತಿಳಿಯುತ್ತದೆಯೇ?

ಪ್ರಶ್ನೆ: ಮುಂಬಯಿಯ ಮುಲುಂಡ್‌ನಲ್ಲಿ, ಖಾಡಿಯ (ಸಮುದ್ರದ ಹಿನ್ನೀರಿನ) ಕಡೆಗಿರುವ ಹಳೆಯ ಕಟ್ಟಡದ ನೆಲಮಹಡಿಯಲ್ಲಿ ನಮ್ಮ ಮನೆಯಿದೆ. ಅಡುಗೆಮನೆಯ ಬಾಗಿಲಿನ ಮೇಲ್ಮೂಲೆಯಿಂದ ಗೋಡೆ ಓರೆಯಾಗಿ ಬಿರುಕು ಬಿಟ್ಟಿದೆ, ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆ. ನೆಲದ ಮಟ್ಟ ಅಳೆದು ಅಡಿಪಾಯ ಕುಸಿದಿದೆಯೇ ಎಂದು ತಿಳಿಯಬಹುದೇ?

ಉತ್ತರ 1: ಗಾರೆಯವರು ಬಳಸುವ ಪಾರದರ್ಶಕ ನೀರಿನ ಪೈಪು ಸಾಕು ಸರ್. ಒಂದು ತುದಿಯ ನೀರು ಗೋಡೆಯ ಗುರುತಿಗೆ ಸರಿಯಾಗಿ ನಿಂತಾಗ, ಇನ್ನೊಂದು ತುದಿಯ ನೀರು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಪ್ರತಿ ಮೂಲೆಯಲ್ಲೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಎತ್ತರ ಹೆಚ್ಚಿದ್ದಲ್ಲಿ ನೆಲ ತಗ್ಗಿದೆ. ಪೈಪಿನಲ್ಲಿ ಕಡಲೆಬೇಳೆಯಷ್ಟು ಗಾಳಿಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ.

ಉತ್ತರ 2: ಮೇಲಿನ ವಿಧಾನ ಸರಿ, ಆದರೆ ನೆಲವನ್ನಷ್ಟೇ ನಂಬಬೇಡಿ. ಕಂಬಗಳು ಕದಲದೆ ನಿಂತಿದ್ದರೂ ನೆಲದಡಿ ತುಂಬಿದ ಮಣ್ಣು ಮಾತ್ರ ಕುಗ್ಗುವುದುಂಟು. ಟೈಲ್ಸನ್ನು ಮೊದಲೇ ಇಳಿಜಾರಾಗಿ ಕೂರಿಸಿರಲೂಬಹುದು. ಆದ್ದರಿಂದ ತೊಲೆಗಳ ತಳವನ್ನೂ ಅದೇ ನೀರಿನ ಮಟ್ಟದಿಂದ ಅಳೆಯಿರಿ. ಎರಡು ಕಂಬಗಳ ನಡುವಣ ವ್ಯತ್ಯಾಸವು ಅವುಗಳ ಅಂತರದ 1/300ರಷ್ಟಾದರೆ ಗೋಡೆಗಳು ಬಿರುಕು ಬಿಡತೊಡಗುತ್ತವೆ ಎಂಬುದು ರೂಢಿಯ ಅಂದಾಜು. ಕಂಬಗಳ ಮೇಲೆ ಗುರುತು ಹಾಕಿ, ಮಳೆಗಾಲದ ಮುಂಚೆ ಮತ್ತು ನಂತರ ಮತ್ತೆ ಅಳೆಯಿರಿ. ಕುಸಿತ ಮುಂದುವರಿದಿದೆಯೇ ಎಂಬುದನ್ನು ಒಂದೇ ಅಳತೆ ಹೇಳಲಾರದು.

ಪ್ರಶ್ನಿಸಿದವರು: ಅಳೆದೆವು. 3 ಮೀಟರಿಗೆ ನೆಲ 11 ಮಿ.ಮೀ. ತಗ್ಗಿದೆ, ತೊಲೆಯ ತಳದಲ್ಲಿ ವ್ಯತ್ಯಾಸ 2 ಮಿ.ಮೀ. ಮಾತ್ರ. ಗುರುತು ಹಾಕಿದ್ದೇವೆ, ಸ್ಟ್ರಕ್ಚರಲ್ ಇಂಜಿನಿಯರರಿಗೂ ಈ ಅಳತೆಗಳನ್ನು ತೋರಿಸುತ್ತೇವೆ.