ಅರ್ಧ ಬಾಟಲಿ ಜೇನುತುಪ್ಪ ಗಟ್ಟಿಯಾಗಿದೆ, ಇನ್ನೊಂದು ಬುಸ್ ಅನ್ನುತ್ತಿದೆ. ಎಸೆಯಬೇಕಾ?

ಹನುಮಂತನಗರ_ಅಡುಗೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಬಾಟಲಿ ಕಾಯಿಸದ ಜೇನುತುಪ್ಪ ಇದೆ, ಎರಡರ ಬಗ್ಗೆಯೂ ಮನೆಯಲ್ಲಿ ವಾದ ನಡೆದಿದೆ. ಮೊದಲನೆಯದು ತುಡುವೆ ಜೇನು. ಶಿರಸಿ ಹತ್ತಿರ ನಮ್ಮ ಅತ್ತಿಗೆಯ ತವರುಮನೆ ತೋಟದಲ್ಲಿ ಪೆಟ್ಟಿಗೆ ಇಟ್ಟಿದ್ದಾರೆ, ಬೇಸಿಗೆಯಲ್ಲಿ ತೆಗೆದದ್ದು. ದೀಪಾವಳಿವರೆಗೂ ಚೆನ್ನಾಗಿ ಹರಿಯುತ್ತಿತ್ತು. ಈಗ ಚಳಿ ಶುರುವಾದ ಮೇಲೆ ಕೆಳಗಿನ ಅರ್ಧ ಬೆಳ್ಳಗೆ, ರವೆರವೆಯಾಗಿ ಕೂತುಬಿಟ್ಟಿದೆ, ಮೇಲೆ ತೆಳ್ಳಗೆ ನೀರಿನ ಹಾಗೆ ನಿಂತಿದೆ. ಇದಕ್ಕೆ ಸಕ್ಕರೆ ಪಾಕ ಸೇರಿಸಿದ್ದಾರೆ ಅಂತ ಅತ್ತೆ ಹೇಳುತ್ತಾರೆ. ಈ ಮಾತು ಅತ್ತಿಗೆಯ ಕಿವಿಗೆ ಬಿದ್ದರೆ ಅವರಿಗೆ ತುಂಬಾ ನೋವಾಗುತ್ತದೆ, ಅದಕ್ಕೇ ಗೊತ್ತಿರುವವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ಎರಡನೆಯದು ಹೆಜ್ಜೇನು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ತಂದದ್ದು. ತಂದಾಗಲೇ ತೆಳ್ಳಗಿತ್ತು. ಈಗ ಮುಚ್ಚಳ ತಿರುಗಿಸಿದರೆ ಬುಸ್ ಅನ್ನುತ್ತದೆ, ಮೇಲೆ ನೊರೆ, ಸ್ವಲ್ಪ ಹುಳಿ ವಾಸನೆ. ತಿನ್ನಬಹುದಾ? ಫ್ರಿಜ್‌ನಲ್ಲಿ ಇಡಬೇಕಾ? ಮನೆಯಲ್ಲಿ ಎಂಟು ತಿಂಗಳ ಕೂಸು ಬೇರೆ ಇದೆ, ಅದಕ್ಕೆ ದಿನಾ ಒಂದು ತೊಟ್ಟು ನೆಕ್ಕಿಸಬೇಕು ಅಂತ ಅತ್ತೆಯ ಆಸೆ.

ಎರಿಗೂಡು_ಸಿದ್ದಾಪುರ:

ಮೇಡಂ, ಮೊದಲು ಅತ್ತಿಗೆಯ ಬಾಟಲಿ ವಿಷಯ. ಜೇನುತುಪ್ಪ ಗಟ್ಟಿಯಾದರೆ ಕಲಬೆರಕೆ ಅಲ್ಲ. ಅದರಲ್ಲಿ ಮುಖ್ಯವಾಗಿ ಇರುವುದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅನ್ನುವ ಎರಡು ಸಕ್ಕರೆ. ಫ್ರಕ್ಟೋಸ್ ಕರಗಿಯೇ ಇರುತ್ತದೆ, ಗ್ಲೂಕೋಸ್ ಮಾತ್ರ ತಂಪಾದರೆ ಹರಳಾಗಿ ಕೆಳಗೆ ಕೂರುತ್ತದೆ. ಅದು ತುಂಬಾ ಬೇಗ ಹರಳಾಗುವುದು 14 ಡಿಗ್ರಿ ಆಸುಪಾಸಿನಲ್ಲಿ. ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಸರಿಸುಮಾರು ಅಷ್ಟೇ ಇರುತ್ತದೆ ಅಲ್ವಾ, ದೀಪಾವಳಿವರೆಗೆ ಸರಿ ಇದ್ದದ್ದು ಆಮೇಲೆ ಕೂತದ್ದು ಅದಕ್ಕೇ. ಕಾಯಿಸದ ತುಪ್ಪದಲ್ಲಿ ಪರಾಗದ ಕಣ, ಮೇಣದ ಚೂರು ಉಳಿದಿರುತ್ತವೆ, ಅವನ್ನು ಹಿಡಿದುಕೊಂಡು ಹರಳು ಬೆಳೆಯುತ್ತದೆ. ಅಂಗಡಿಯ ಬಾಟಲಿ ವರ್ಷಗಟ್ಟಲೆ ಹೊಳೆಯುತ್ತಾ ಇರುವುದಕ್ಕೆ ಎಷ್ಟೋ ಸಲ ಕಾರಣ ಅದನ್ನು ಚೆನ್ನಾಗಿ ಕಾಯಿಸಿ, ಸಣ್ಣ ಜಾಲರಿಯಲ್ಲಿ ಸೋಸಿರುವುದು. ಯಾವ ಹೂವಿನದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸೂರ್ಯಕಾಂತಿ ಹೊಲದ ತುಪ್ಪ, ರಬ್ಬರ್ ತೋಟದ ತುಪ್ಪ ಬೇಗ ಗಟ್ಟಿಯಾಗುತ್ತವೆ.

ಆದರೆ ನಿಮ್ಮ ಬಾಟಲಿಯಲ್ಲಿ ಗಮನ ಕೊಡಬೇಕಾದದ್ದು ಕೆಳಗಿನ ಬಿಳಿ ಭಾಗ ಅಲ್ಲ, ಮೇಲಿನ ತೆಳು ಭಾಗ. ಗ್ಲೂಕೋಸ್ ಹರಳಾಗುವಾಗ ಅದು ಹಿಡಿದಿಟ್ಟಿದ್ದ ನೀರು ಬಿಡುಗಡೆಯಾಗಿ ಮೇಲಿನ ಪದರದಲ್ಲಿ ನೀರಿನ ಅಂಶ ಜಾಸ್ತಿಯಾಗುತ್ತದೆ. ಹುಳಿ ಬರುವುದಿದ್ದರೆ ಅಲ್ಲಿಂದಲೇ ಬರುತ್ತದೆ. ಅದಕ್ಕೆ ಹಾಗೇ ಬಿಡಬೇಡಿ. ಪಾತ್ರೆಯಲ್ಲಿ ಬಿಸಿನೀರು ತೆಗೆದುಕೊಂಡು ಬೆರಳು ಆರಾಮಾಗಿ ಇಡುವಷ್ಟು ಆರಲು ಬಿಡಿ, 40 ಡಿಗ್ರಿ ದಾಟುವುದು ಬೇಡ. ಬಾಟಲಿಯ ಕುತ್ತಿಗೆವರೆಗೆ ಮಾತ್ರ ನೀರು ಬರುವಂತೆ ನಿಲ್ಲಿಸಿ, ಮುಚ್ಚಳ ಸಡಿಲ ಇರಲಿ. ನೀರು ತಣ್ಣಗಾದ ಹಾಗೆ ಬದಲಿಸುತ್ತಾ ಇರಿ, ನಡುವೆ ಒಣ ಚಮಚದಲ್ಲಿ ಕೈಯಾಡಿಸಿ. ಒಂದೆರಡು ಗಂಟೆ ಹಿಡಿಯಬಹುದು, ಗಡಿಬಿಡಿ ಮಾಡಬೇಡಿ. ಗೂಡಿನ ಒಳಗೇ ಮರಿ ಇರುವ ಕಡೆ ಹುಳುಗಳು ಸುಮಾರು 35 ಡಿಗ್ರಿ ಕಾಪಾಡಿಕೊಳ್ಳುತ್ತವೆ. ಅಷ್ಟು ಬೆಚ್ಚಗೆ ಮಾಡಿದರೆ ತುಪ್ಪಕ್ಕೆ ಏನೂ ಆಗುವುದಿಲ್ಲ. ಒಲೆಯ ಮೇಲೆ ನೇರ ಇಡುವುದು, ಮೈಕ್ರೋವೇವ್‌ಗೆ ಹಾಕುವುದು ಮಾತ್ರ ಬೇಡ, ಪರಿಮಳವೆಲ್ಲ ಹೋಗಿಬಿಡುತ್ತದೆ.

ಇನ್ನು ಹೆಜ್ಜೇನು. ಹುಳು ತರುವ ಮಕರಂದದಲ್ಲಿ ನೀರೇ ಜಾಸ್ತಿ. ರೆಕ್ಕೆ ಬಡಿದು ಗಾಳಿ ಹಾಕಿ ಅದನ್ನು ಒಣಗಿಸಿ, ಹದಕ್ಕೆ ಬಂದ ಮೇಲೆ ಕೋಶದ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಪೆಟ್ಟಿಗೆಯಲ್ಲಾದರೆ ಎರಿ ಮುಕ್ಕಾಲು ಪಾಲಾದರೂ ಮುಚ್ಚಿದೆಯಾ ಅಂತ ನೋಡಿ ತೆಗೆಯಬಹುದು. ಮರದ ತುದಿಯಲ್ಲೋ ಬಂಡೆಯಲ್ಲೋ ಕಟ್ಟಿದ ಹೆಜ್ಜೇನಿಗೆ ರಾತ್ರಿ ಹಗ್ಗ ಹಿಡಿದು ಏರುವವರಿಗೆ ಆ ಅನುಕೂಲ ಎಲ್ಲಿ ಬರಬೇಕು. ಮುಚ್ಚಿದ್ದು, ಮುಚ್ಚದ್ದು ಎರಡೂ ಸೇರುತ್ತದೆ. ನೀರಿನ ಅಂಶ 20% ದಾಟಿದರೆ ತುಪ್ಪದಲ್ಲೇ ಇರುವ ಈಸ್ಟ್ ಎಚ್ಚರಾಗುತ್ತದೆ, ಅದೇ ನಿಮ್ಮ ಬುಸ್. ಸುರಿದಾಗ ಬರುವ ನೊರೆ ಬೇರೆ, ಅದು ಸುಮ್ನೆ ಗಾಳಿ. ನೊರೆ ತೆಗೆದ ಮೇಲೂ ಗುಳ್ಳೆ ಏಳುತ್ತಾ ಇದ್ದರೆ ಹುಳಿ ಬರುತ್ತಿದೆ ಅಂತಲೇ. ಮುಚ್ಚಳ ಬಿಗಿ ಮಾಡಬೇಡಿ, ಒತ್ತಡಕ್ಕೆ ಗಾಜು ಒಡೆಯಬಹುದು. ಇದನ್ನು ಫ್ರಿಜ್‌ನಲ್ಲಿಟ್ಟು ಬೇಗ ಖರ್ಚು ಮಾಡಿ. ಹೆಂಡದ ವಾಸನೆ ಜೋರಾಗಿದ್ದರೆ ಆಸೆ ಬಿಟ್ಟುಬಿಡಿ.

ಚಾಮುಂಡಿಪುರಂ77:

ಇಷ್ಟೆಲ್ಲ ಯಾಕೆ, ಹತ್ತಿ ಬತ್ತಿಯನ್ನು ಜೇನಿನಲ್ಲಿ ಅದ್ದಿ ಕಡ್ಡಿ ಗೀರಿ. ಉರಿದರೆ ಅಸಲಿ, ಚಟಪಟ ಅಂದರೆ ನಕಲಿ. ನಮ್ಮ ತಾತನ ಕಾಲದಿಂದ ಇದೇ ಪರೀಕ್ಷೆ. ನೀರಿಗೆ ಹಾಕಿದರೆ ತಳಕ್ಕೆ ಹೋಗಿ ಕೂರಬೇಕು, ಇರುವೆ ಮುಟ್ಟಬಾರದು.

ಲ್ಯಾಬ್_ಕೋಟು:

@ಚಾಮುಂಡಿಪುರಂ77 ಸರ್, ನಾನು ಆಹಾರ ಪರೀಕ್ಷೆಯ ಕೆಲಸದಲ್ಲೇ ಇದ್ದೇನೆ, ಈ ಪರೀಕ್ಷೆಗಳನ್ನು ದಯವಿಟ್ಟು ನಂಬಬೇಡಿ. ಬತ್ತಿ ಹೇಳುವುದು ನೀರಿನ ಅಂಶವನ್ನು ಮಾತ್ರ. ಗಟ್ಟಿ ಸಕ್ಕರೆ ಪಾಕದಲ್ಲಿ ಅದ್ದಿದ್ದೂ ಉರಿಯುತ್ತದೆ, ಬೆಟ್ಟದ ಅಪ್ಪಟ ಹೆಜ್ಜೇನು ಚಟಪಟ ಅನ್ನುತ್ತದೆ. ಪಾಕವೂ ನೀರಿನಲ್ಲಿ ತಳಕ್ಕೇ ಹೋಗುತ್ತದೆ. ಇರುವೆಯಂತೂ ಒಳ್ಳೆಯ ಜೇನಿಗೂ ಬರುತ್ತದೆ. 2020ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಮಾರುಕಟ್ಟೆಯ 13 ಬ್ರ್ಯಾಂಡ್‌ಗಳ ಜೇನುತುಪ್ಪವನ್ನು ಪರೀಕ್ಷೆಗೆ ಕಳಿಸಿತ್ತು. ಮಾಮೂಲಿ ಪ್ರಯೋಗಾಲಯದ ಪರೀಕ್ಷೆಯನ್ನೇ ದಾಟುವ ಹಾಗೆ ತಯಾರಿಸಿದ ಸಿರಪ್‌ಗಳು ಇವೆ ಅನ್ನುವುದು ಆಗ ಹೊರಬಂತು. ಎನ್‌ಎಂಆರ್ ಅನ್ನುವ ಪರೀಕ್ಷೆಯಲ್ಲಿ ಹೆಚ್ಚಿನವು ಸಿಕ್ಕಿಬಿದ್ದವು. ಅಂಥದ್ದನ್ನು ಬೆಂಕಿಕಡ್ಡಿ ಹಿಡಿಯುತ್ತದಾ?

ನೀರಿನ ಅಂಶ ಗರಿಷ್ಠ 20% ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ನಮ್ಮ ತುಡುವೆ, ಹೆಜ್ಜೇನು ಮಳೆಗಾಲದ ಹತ್ತಿರ ತೆಗೆದರೆ ಸುಲಭವಾಗಿ ಅದನ್ನು ಮೀರುತ್ತವೆ. ನನಗೆ ನೋವಾಗುವುದು ಇಲ್ಲೇ. ಕಾಡಿನವರ ಅಪ್ಪಟ ತುಪ್ಪವನ್ನು ತೆಳ್ಳಗಿದೆ ಅಂತ ನಕಲಿ ಅನ್ನುತ್ತೇವೆ, ಪಾಕ ಬೆರೆಸಿದ್ದು ದಪ್ಪಗಿದೆ ಅಂತ ಹೆಚ್ಚು ದುಡ್ಡು ಕೊಟ್ಟು ತರುತ್ತೇವೆ.

ಇಡುವ ವಿಷಯ: ಗಾಜಿನ ಬಾಟಲಿ ಇಲ್ಲವೇ ಪಿಂಗಾಣಿ ಭರಣಿ. ತಾಮ್ರ, ಕಬ್ಬಿಣ ಬೇಡ, ಜೇನು ಆಮ್ಲೀಯ. ಸ್ಟೀಲ್ ಚಮಚದಲ್ಲಿ ತೆಗೆದುಕೊಂಡರೆ ಏನೂ ಆಗುವುದಿಲ್ಲ, ಆದರೆ ಚಮಚ ಒಣಗಿರಬೇಕು. ಜೇನು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಹುಳಿ ಬರದ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕ ಇಡಬೇಡಿ. ಒಳ್ಳೆಯ ಹದದ ತುಪ್ಪಕ್ಕೆ ಫ್ರಿಜ್ ಬೇಕಿಲ್ಲ.

ಮಕ್ಕಳವಾರ್ಡ್_ಅಕ್ಕ:

ಎಲ್ಲರೂ ಬಾಟಲಿ ಬಗ್ಗೆಯೇ ಬರೆದಿದ್ದೀರಿ, ಕೂಸಿನ ಮಾತು ಬಿಟ್ಟೇಹೋಯಿತು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಒಂದು ತೊಟ್ಟೂ ಬೇಡ. ಹುಟ್ಟಿದ ಮಗುವಿನ ನಾಲಿಗೆಗೆ ಸವರುವುದೂ ಬೇಡ, ಚೀಪುವ ಪ್ಯಾಸಿಫೈಯರ್‌ಗೆ ಹಚ್ಚುವುದೂ ಬೇಡ. ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಅದರಲ್ಲಿ ಇರಬಹುದು. ದೊಡ್ಡವರ ಹೊಟ್ಟೆ ತಡೆದುಕೊಳ್ಳುತ್ತದೆ, ಕೂಸಿನ ಕರುಳು ತಡೆಯುವುದಿಲ್ಲ. ಎಷ್ಟು ಶುದ್ಧ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಮನೆಯಲ್ಲಿ ಕಾಯಿಸಿದರೂ ಆ ಬೀಜಾಣು ಸಾಯುವುದಿಲ್ಲ. ನಿಮ್ಮ ಅತ್ತೆಗೆ ನಿಧಾನವಾಗಿ ಹೇಳಿ, ಮಗುವಿನ ಡಾಕ್ಟರ ಬಾಯಲ್ಲಿ ಹೇಳಿಸಿದರೆ ಇನ್ನೂ ಒಳ್ಳೆಯದು.

ಹನುಮಂತನಗರ_ಅಡುಗೆಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ. ಕೂಸಿನ ವಿಷಯ ತಕ್ಷಣ ಒಪ್ಪಿದರು, ಗಟ್ಟಿಯಾದದ್ದರ ಬಗ್ಗೆ ಇನ್ನೂ ಅರ್ಧ ಮನಸ್ಸು. @ಎರಿಗೂಡು_ಸಿದ್ದಾಪುರ, ಗಟ್ಟಿ ಇರುವಾಗಲೇ ತಿನ್ನಬಹುದಾ, ಕರಗಿಸಲೇಬೇಕಾ?

ಎರಿಗೂಡು_ಸಿದ್ದಾಪುರ:

ಧಾರಾಳವಾಗಿ ತಿನ್ನಿ. ಚಮಚದಲ್ಲಿ ತಳದಿಂದ ಕೆದಕಿ ಮೇಲಿನದರ ಜೊತೆ ಚೆನ್ನಾಗಿ ಕಲಸಿದರೆ ಬೆಣ್ಣೆಯ ಹದಕ್ಕೆ ಬರುತ್ತದೆ, ಬಿಸಿ ತೆಳ್ಳೇವಿನ (ನಮ್ಮ ಕಡೆಯ ತೆಳು ದೋಸೆ) ಮೇಲೆ ಸವರಿದರೆ ಅಲ್ಲೇ ಕರಗುತ್ತದೆ. ನಮ್ಮ ಕಡೆ ಹಲಸಿನ ತೊಳೆಯನ್ನು ಜೇನುತುಪ್ಪದಲ್ಲಿ ಅದ್ದಿ ತಿನ್ನುತ್ತೇವೆ, ಅದಕ್ಕೆ ಮಾತ್ರ ಕರಗಿದ್ದೇ ಬೇಕು. ಹಾಗಾಗಿ ಪೂರ್ತಿ ಕರಗಿಸಬೇಡಿ, ಬೇಕಾದಷ್ಟನ್ನು ಸಣ್ಣ ಬಾಟಲಿಗೆ ತೆಗೆದು ಕರಗಿಸಿ. ಮತ್ತೆ ಮತ್ತೆ ಬೆಚ್ಚಗೆ ಮಾಡಿದರೆ ಘಮ ಕಡಿಮೆಯಾಗುತ್ತಾ ಹೋಗುತ್ತದೆ. ಅತ್ತಿಗೆಗೆ ಫೋನ್ ಮಾಡಿದಾಗ ಯಾವ ತಿಂಗಳ ತುಪ್ಪ ಅಂತಲೂ ಕೇಳಿ. ನೇರಳೆ ಹೂವಿನ ಕಾಲದ್ದಾದರೆ ಕೊನೆಗೆ ನಾಲಿಗೆಯಲ್ಲಿ ಸಣ್ಣ ಕಹಿ ಉಳಿಯುತ್ತದೆ, ಅದನ್ನೂ ಕಲಬೆರಕೆ ಅಂದುಕೊಳ್ಳಬೇಡಿ.