‘ನಾಟಾ ಪ್ರಮಾಣ’ವೋ, ‘ನಿಂತ ಮರದ ಘನಗಾತ್ರ’ವೋ?

ಪ್ರಶ್ನೆ: ಉಪಗ್ರಹ ರೇಡಾರ್‌ನಿಂದ ಕಾಡಿನ ಮರದ ಲೆಕ್ಕ ಹಾಕುವ ಕುರಿತ ಕನ್ನಡ ವರದಿಯೊಂದನ್ನು ತಿದ್ದುತ್ತಿದ್ದೇನೆ. ಹೆಕ್ಟೇರಿಗೆ ಇಷ್ಟು ಘನ ಮೀಟರ್ ಎಂಬ ಅಂಕಿಗೆ ಕರಡಿನಲ್ಲಿ ‘ನಾಟಾ ಪ್ರಮಾಣ’ ಎಂದಿದೆ. ಇಸ್ರೊ–ನಾಸಾ ಜಂಟಿ ರೇಡಾರ್ ಉಪಗ್ರಹ ನಿಸಾರ್ ನಮ್ಮ ಬೆಂಗಳೂರಿನಲ್ಲೇ ಜೋಡಣೆಯಾಗಿ 2025ರ ಜುಲೈನಲ್ಲಿ ಹಾರಿದೆ, ಇನ್ನು ಪತ್ರಿಕೆಗಳಲ್ಲೂ ಈ ಮಾತು ಬರುತ್ತದೆ. ಪದ ನಡೆಯುತ್ತದೆಯೇ? ‘ಸ್ಯಾಚುರೇಷನ್’ಗೆ ‘ಪರ್ಯಾಪ್ತತೆ’ ಸರಿಯೇ?

ಉತ್ತರ: ನಾಟಾ ಬೇಡ ಸರ್. ಕಡಿದು, ರೆಂಬೆ ಸವರಿ ಡಿಪೋಗೆ ಬಂದದ್ದು ನಾಟಾ. ನಿಸಾರ್‌ನ ಎಲ್ ಬ್ಯಾಂಡ್ ತರಂಗ ಸುಮಾರು 24 ಸೆಂ.ಮೀ. ಉದ್ದ. ಎಲೆಗಳ ನಡುವೆ ನುಸುಳಿ ದಪ್ಪ ಕೊಂಬೆಗೆ, ಕಾಂಡಕ್ಕೆ ತಾಗಿ ಮರಳುತ್ತದೆ. 5.6 ಸೆಂ.ಮೀ.ನ ಸಿ ಬ್ಯಾಂಡ್ ಮೇಲಿನ ಎಲೆ, ಕಡ್ಡಿಗಳಲ್ಲೇ ಚದುರಿಹೋಗುತ್ತದೆ. ಹೀಗೆ ಮರಳುವುದಕ್ಕೆ ‘ಹಿಂಚದುರಿಕೆ’ ಎನ್ನಬಹುದು. ನೆಲದಲ್ಲಿ ಅಳೆದ ತಾಕುಗಳ ಜೊತೆ ಅದನ್ನು ಹೊಂದಿಸಿದರೆ ಸಿಗುವುದು ಜೀವರಾಶಿ (ಬಯೋಮಾಸ್), ಅಂದರೆ ಮರಗಳ ಒಣ ತೂಕ, ಹೆಕ್ಟೇರಿಗೆ ಟನ್ ಲೆಕ್ಕದಲ್ಲಿ. ಘನ ಮೀಟರ್ ಬೇಕಾದರೆ ಇನ್ನೊಂದು ಭಾಗಾಕಾರವಿದೆ: ಮರದ ಸಾಂದ್ರತೆ ಘನ ಮೀಟರಿಗೆ 0.6 ಟನ್, ಕಾಂಡದ ತೂಕಕ್ಕೆ ಕೊಂಬೆರೆಂಬೆಯನ್ನೂ ಸೇರಿಸುವ ಗುಣಕ 1.4 ಎಂದು ಹಿಡಿದರೆ 100 ಟನ್ ಅಂದರೆ ಸುಮಾರು 120 ಘನ ಮೀಟರ್. ಸಾಂದ್ರತೆ ಜಾತಿಯಿಂದ ಜಾತಿಗೆ ಬೇರೆ, ಆದ್ದರಿಂದ ಮಿಶ್ರ ಕಾಡಿನಲ್ಲಿ ಈ ಹೆಜ್ಜೆಯಲ್ಲೂ ಲೆಕ್ಕ ಜಾರುತ್ತದೆ. ಬಂದ ಅಂಕಿಗೆ ‘ನಿಂತ ಮರದ ಘನಗಾತ್ರ’ ಎನ್ನಿ. ಬರೀ ‘ಗಾತ್ರ’ ಎಂದರೆ ಓದುವವರು ದಪ್ಪ ಎಂದುಕೊಳ್ಳುತ್ತಾರೆ.

‘ಪರ್ಯಾಪ್ತತೆ’ ಇರಲಿ, ಆದರೆ ಕರ್ತೃ ತಪ್ಪಬಾರದು. ‘ಕಾಡು ಪರ್ಯಾಪ್ತವಾಯಿತು’ ಎಂದು ಬರೆಯುವವರಿದ್ದಾರೆ! ಎಲ್ ಬ್ಯಾಂಡ್‌ನಲ್ಲಿ ಹೆಕ್ಟೇರಿಗೆ ಸುಮಾರು 100 ಟನ್ ದಾಟುತ್ತಿದ್ದಂತೆ ಮರ ಬೆಳೆದರೂ ಮರಳಿ ಬರುವ ಸಂಕೇತ ಹೆಚ್ಚು ಏರುವುದಿಲ್ಲ. ಪರ್ಯಾಪ್ತವಾಗುವುದು ಸಂಕೇತ. ಬಂಡೀಪುರದ ಎಲೆಯುದುರುವ ಕಾಡಿಗೆ ಇದು ಅಷ್ಟು ಅಡ್ಡಿಯಾಗದಿದ್ದರೂ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ನಕ್ಷೆ ಚಪ್ಪಟೆಯಾಗುತ್ತದೆ, ಎಲ್ಲ ಕಡೆ ಒಂದೇ ಅಂಕಿ ಬಂದಂತೆ ಕಾಣುತ್ತದೆ. ಯುರೋಪಿನ ಬಯೋಮಾಸ್ ಉಪಗ್ರಹ 70 ಸೆಂ.ಮೀ.ನ ಪಿ ಬ್ಯಾಂಡ್ ಹಿಡಿದದ್ದು ಅದಕ್ಕೇ. ಮಳೆ ಬಿದ್ದ ಮಾರನೆಯ ದಿನದ ಚಿತ್ರವನ್ನಂತೂ ನಂಬಬೇಡಿ. ಒದ್ದೆ ಮರ, ಒದ್ದೆ ನೆಲ ಎರಡೂ ಸಂಕೇತವನ್ನು ಏರಿಸಿ ಇಲ್ಲದ ಮರವನ್ನು ಲೆಕ್ಕಕ್ಕೆ ಸೇರಿಸುತ್ತವೆ. ಫೆಬ್ರುವರಿ–ಮಾರ್ಚ್ ಚಿತ್ರವೇ ಲೇಸು.

ಮತ್ತೊಂದು ಉತ್ತರ: ಕೋಷ್ಟಕದಲ್ಲಿ ಡಿಪೋ ಅಂಕಿಯೂ ಇದ್ದರೆ ಸೂತ್ರ ನೋಡಿಕೊಳ್ಳಿ. ಸುತ್ತಳತೆಯ ಕಾಲುಭಾಗದ ವರ್ಗವನ್ನು ಉದ್ದದಿಂದ ಗುಣಿಸುವ ಹಳೆ ಪದ್ಧತಿಯಲ್ಲಿ 120 ಸೆಂ.ಮೀ. ಸುತ್ತಳತೆಯ, 3 ಮೀಟರ್ ಉದ್ದದ ದಿಮ್ಮಿ 0.27 ಘನ ಮೀಟರ್. ನಿಜವಾದ ಘನಗಾತ್ರ 0.344. ಶೇ 21ರಷ್ಟು ಸೂತ್ರದಲ್ಲೇ ಕರಗಿತು. ಬೆಂಗಳೂರಿನ ಟಿಂಬರ್ ಯಾರ್ಡ್ ಲೇಔಟಿನ ಸಾಮಿಲ್‌ನವರ ‘ಸಿಎಫ್‌ಟಿ’ (ಘನ ಅಡಿ) ಯಾವ ಲೆಕ್ಕದ್ದು ಎಂದೂ ಕೇಳಿಕೊಳ್ಳಬೇಕು. ಕೇಳದೆ, ಘನ ಮೀಟರಿಗೆ 35.3 ಘನ ಅಡಿ ಎಂದು ಭಾಗಿಸಿ ರೇಡಾರ್ ಅಂಕಿಯ ಪಕ್ಕ ಹಾಕಿದರೆ ಎರಡೂ ತಾಳೆಯಾಗುವುದಿಲ್ಲ, ಆಮೇಲೆ ಬೈಗುಳ ರೇಡಾರ್‌ಗೆ.