ಗೊತ್ತಿಲ್ಲದ ರಸ್ತೆಯಲ್ಲಿ ದೂರದ ಓಟ: ಫಿಸಿಯೋ ಮೇಡಂಗೆ ಕೇಳಿ

ಹೊಸ ಶೂ: ಮೇಡಂ, ಕೆಲಸದ ಮೇಲೆ ಊರೂರು ಸುತ್ತುತ್ತೇನೆ. ಹೊಸ ರಸ್ತೆಯಲ್ಲಿ ಯಾವ ಬದಿಗೆ ಓಡಬೇಕು?

ಫಿಸಿಯೋ: ಫುಟ್‌ಪಾತ್ ಇದ್ದರೆ ಅದರ ಮೇಲೆ. ಇಲ್ಲದಿದ್ದರೆ ವಾಹನ ಎದುರಿಗೆ ಬರುವ ಬದಿ.

ಕಿಲೋಮೀಟರ್ ಹುಚ್ಚ: ಹಾಗೆ ಓಡಿಯೇ ನನಗೆ ಬಲ ಮಂಡಿಯ ಹೊರಭಾಗ ನೋವು ಮೇಡಂ. ಆರೇಳು ಕಿ.ಮೀ. ಆದಮೇಲೆ ಶುರು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಅಂಚು ವಾಲಿರುತ್ತೆ ಅಲ್ವಾ, ಅದಕ್ಕೇ ಈಗ ನಡುರಸ್ತೆಯಲ್ಲಿ ಓಡುತ್ತೇನೆ. ಬೆಳಗಿನ ಜಾವ ಗಾಡಿ ಕಮ್ಮಿ. ಸದ್ದು ಕೇಳಿದರೆ ಸರಿಯುತ್ತೇನೆ.

ಫಿಸಿಯೋ: ಮಂಡಿ ಆಮೇಲೆ. ಮೊದಲು ನಡುರಸ್ತೆ ಬಿಡಿ. 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ಚಾಲಕ ನಿಮ್ಮನ್ನು ಕಂಡು ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಎಲೆಕ್ಟ್ರಿಕ್ ಗಾಡಿಯ ಸದ್ದು ನಂಬಿಕೊಂಡು ಕೂರಬೇಡಿ.

ಇನ್ನು ಮಂಡಿ. ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಲಕ್ಷಣ ಐಟಿ ಬ್ಯಾಂಡ್‌ನದ್ದು. ಸೊಂಟದಿಂದ ಮಂಡಿಯ ಕೆಳಗಿನವರೆಗೆ ಹೊರಬದಿಯಲ್ಲಿ ಇಳಿಯುವ ಪಟ್ಟಿ ಅದು. ಮಳೆನೀರು ಹರಿಯಲಿ ಅಂತ ರಸ್ತೆಯ ನಡುವೆ ಉಬ್ಬಿಸಿ ಅಂಚಿಗೆ ಇಳಿಸಿರುತ್ತಾರೆ. ತಗ್ಗಿನ ಕಡೆಯ ಕಾಲಿಗೆ ಪೆಟ್ಟು ಜಾಸ್ತಿ. ತಮಾಷೆ ಏನಂದ್ರೆ, ಹೋಗುವಾಗಲೂ ಬರುವಾಗಲೂ ವಾಹನಕ್ಕೆ ಎದುರಾಗಿಯೇ ಓಡಿದರೆ ಎರಡು ಸಲವೂ ಅದೇ ಕಾಲು ತಗ್ಗಿನಲ್ಲಿ! ಉದ್ದದ ಓಟ ವಾಹನವಿಲ್ಲದ ಸಮತಟ್ಟು ಜಾಗಕ್ಕೆ ಬದಲಾಯಿಸಿ. ನೋವು ಶುರುವಾಗುವ ಮೊದಲೇ ನಿಲ್ಲಿಸಿ. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವ ವ್ಯಾಯಾಮ ದಿನಾ ಮಾಡಿ. ಮಂಡಿ ಊದಿದರೆ, ಕುಂಟುವಂತಾದರೆ ಡಾಕ್ಟರಿಗೆ ತೋರಿಸಿ.

ಬೆವರು: ನಾಯಿ ಅಟ್ಟಿಸಿಕೊಂಡು ಬಂದರೆ ಏನು ಮಾಡಬೇಕು ಮೇಡಂ?

ಶುಭೋದಯ: ಫಾರ್ವರ್ಡ್ ಬಂದಿದೆ: ಓಟಕ್ಕೆ ಮೊದಲು ಒಂದು ಐಬುಪ್ರೊಫೆನ್, ಜತೆಗೆ 2 ಲೀಟರ್ ನೀರು. ಮಂಡಿ ನೋವೇ ಬರಲ್ಲ!

ಫಿಸಿಯೋ: ಯಾರೂ ಮಾಡಬೇಡಿ. ಬೆವರು ಸುರಿದು ನೀರು ಕಮ್ಮಿಯಾದಾಗ ಆ ಮಾತ್ರೆ ಕಿಡ್ನಿಗೆ ಅಪಾಯ. ಒಮ್ಮೆಲೇ ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದರಿಂದ ಜೀವ ಹೋದದ್ದೂ ಇದೆ. ಇನ್ನೊಂದು ಸಲ ಇಂಥದ್ದು ಹಾಕಿದರೆ ನಾನೇ ಅಳಿಸುತ್ತೇನೆ.

ಶುಭೋದಯ: ಬಂದದ್ದನ್ನು ಸುಮ್ನೆ ಹಾಕಿದೆ ಅಷ್ಟೆ, ಕೋಪ ಯಾಕೆ.

ಸ್ಟೀರಿಂಗ್: ಕತ್ತಲಲ್ಲಿ ಕಪ್ಪು ಟೀ ಶರ್ಟು, ಕಿವಿಯಲ್ಲಿ ಇಯರ್‌ಫೋನ್, ಮೂರು ಜನ ಸಾಲಾಗಿ ಅಡ್ಡಕ್ಕೆ. ತಿರುವು ದಾಟಿದ್ದೇ ಎದುರಿಗೆ. ನಾವೇನು ಮಾಡೋಣ?

ಕಿಲೋಮೀಟರ್ ಹುಚ್ಚ: ತಿರುವಿನಲ್ಲಿ ನಿಧಾನಕ್ಕೆ ಬರೋಣ.

ಸ್ಟೀರಿಂಗ್: ನಡುರಸ್ತೆಯಲ್ಲಿ ಓಡುವವರು ಬುದ್ಧಿ ಹೇಳಬೇಡಿ. ಅದು ಮೈದಾನ ಅಲ್ಲ ಸ್ವಾಮಿ.

ಕಿಲೋಮೀಟರ್ ಹುಚ್ಚ: ನಿಮ್ಮ ಮನೆ ಅಂಗಳವೂ ಅಲ್ಲ.

ಫಿಸಿಯೋ: ಜಗಳ ಬೇರೆ ಕಡೆ. ಕಾಣದ ತಿರುವಿನ ಒಳ ಅಂಚಿನಲ್ಲಿ ಓಡಬೇಡಿ. ಎರಡೂ ಕಡೆ ಕಾಣುವಾಗಲೇ ದಾಟಿ ಹೊರ ಅಂಚಿಗೆ ಹೋಗಿ, ತಿರುವು ಮುಗಿದ ಮೇಲೆ ವಾಪಸ್ ಬನ್ನಿ. ಹೊಳೆಯುವ ಪಟ್ಟಿ ಎದೆಗಷ್ಟೇ ಸಾಲದು, ಮಂಡಿಗೂ ಕಣಕಾಲಿಗೂ ಕಟ್ಟಿ. ಅದು ಆಡುವುದು ಕಂಡರೆ ಮನುಷ್ಯ ಅಂತ ಚಾಲಕನಿಗೆ ಬೇಗ ತಿಳಿಯುತ್ತದೆ.

ಅರ್ಧ ಮ್ಯಾರಥಾನ್: ಮೇಡಂ, ಯಾವ ಬದಿಗೆ ಓಡಬೇಕು?

ಫಿಸಿಯೋ: ಮೇಲೆ ಓದಿ.

ಬೆವರು: ನಾಯಿ ವಿಷಯ...

ಕಿಲೋಮೀಟರ್ ಹುಚ್ಚ: ಭಾನುವಾರ 25 ಕಿ.ಮೀ. ಪ್ಲಾನ್ ಇದೆ ಮೇಡಂ. ಅದೊಂದು ಓಡಿಬಿಡಲಾ?

ಫಿಸಿಯೋ: ಬೇಡ.

ಕಿಲೋಮೀಟರ್ ಹುಚ್ಚ: 15 ಆದರೆ?